ಯಂತ್ರ ಕಂಡ ಯಲಹಂಕ

ಯಲಹಂಕ ಜಂಕ್ಷನ್ನಿನ ಪ್ಲಾಟ್‌ಫಾರಂ ಮೇಲೆ ಬೆಳಗಿನ ಹೊತ್ತು ಅರ್ಧ ಗಂಟೆ ನಿಂತರೆ ಸಾಕು, ಎಲ್ಲಿಗೂ ಹೋಗಬೇಕಾಗಿಲ್ಲದ ಕೆಲವು ಹುಡುಗರು ಕಣ್ಣಿಗೆ ಬೀಳುತ್ತಾರೆ. ಅವರು ಬರುವುದು ರೈಲು ನೋಡಲು. ಎಂಜಿನ್ನಿನ ನಂಬರು ಬರೆದುಕೊಳ್ಳುತ್ತಾರೆ, ಹಾರನ್ನಿನ ಸದ್ದನ್ನು ಮೊಬೈಲಿನಲ್ಲಿ ಹಿಡಿದುಕೊಳ್ಳುತ್ತಾರೆ, ಬಂದ ಗಾಡಿ ಎಷ್ಟು ನಿಮಿಷ ತಡವೆಂದು ಲೆಕ್ಕ ಹಾಕುತ್ತಾರೆ. ಮನೆಗೆ ಹೋದ ಮೇಲೆ ಅದೇ ರೈಲನ್ನು ಕಂಪ್ಯೂಟರಿನ ಪರದೆಯ ಮೇಲೆ ತಾವೇ ಓಡಿಸುತ್ತಾರೆ. ಹಿರಿಯರ ಕಣ್ಣಿಗೆ ಇದು ಹೊತ್ತು ಹಾಳು ಮಾಡುವ ಕೆಲಸ. ನಮಗೂ ಮೊದಲು ಹಾಗೆಯೇ ಅನ್ನಿಸಿತ್ತು.

ಆದರೆ ಈ ಹುಡುಗರ ಜೊತೆ ನಾಲ್ಕು ಮಾತು ಆಡಿ ನೋಡಿ. ಒಂಟಿ ಹಳದಿ ದೀಪಕ್ಕೂ ಜೋಡಿ ಹಳದಿ ದೀಪಕ್ಕೂ ಇರುವ ವ್ಯತ್ಯಾಸ ಅವರಿಗೆ ಗೊತ್ತು. ಬ್ರೇಕ್ ಹಾಕಿದ ತಕ್ಷಣ ರೈಲು ನಿಲ್ಲುವುದಿಲ್ಲ, ಗಾಳಿಯ ಒತ್ತಡ ಕೊನೆಯ ಡಬ್ಬಿಯವರೆಗೆ ಇಳಿದು ಬರಬೇಕು ಎಂಬುದೂ ಗೊತ್ತು. ಶಾಲೆಯ ಭೌತಶಾಸ್ತ್ರದ ಪುಸ್ತಕ ಕಲಿಸಲಾರದ್ದನ್ನು ಆಟವೊಂದು ಕಲಿಸಿದೆ. ಹಾಗಾಗಿ ಈ ಆಟಗಳನ್ನು ಮಕ್ಕಳಾಟಿಕೆ ಎಂದು ತಳ್ಳಿಹಾಕದೆ, ಒಂದು ಪುಸ್ತಕವನ್ನೋ ಸಿನಿಮಾವನ್ನೋ ವಿಮರ್ಶಿಸುವಷ್ಟೇ ಗಂಭೀರವಾಗಿ ನೋಡಬೇಕು ಎಂಬುದು ನಮ್ಮ ಅಭಿಪ್ರಾಯ. ಈಗ ಇವುಗಳ ತಯಾರಿಗೆ ಕೃತಕ ಬುದ್ಧಿಮತ್ತೆ, ಅಂದರೆ ಎಐ, ಕಾಲಿಟ್ಟಿದೆ. ಹಾಗಾಗಿ ಆ ನೋಟದ ಅಗತ್ಯ ಇನ್ನಷ್ಟು ಹೆಚ್ಚಿದೆ.

ಆರು ಮಾರ್ಗ, ಒಂದೂ ನಮ್ಮದಲ್ಲ

2001ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯ ಟ್ರೈನ್ ಸಿಮ್ಯುಲೇಟರ್ ಬಂತು. ಅದನ್ನು ತಯಾರಿಸಿದ್ದು ಕುಜು ಎಂಬ ಬ್ರಿಟಿಷ್ ಕಂಪೆನಿ. ಅದರಲ್ಲಿ ಆರು ಮಾರ್ಗಗಳಿದ್ದವು: ಅಮೆರಿಕದ ಎರಡು, ಜಪಾನಿನ ಎರಡು, ಇಂಗ್ಲೆಂಡಿನ ಒಂದು, ಆಸ್ಟ್ರಿಯಾದ ಒಂದು. ಜಗತ್ತಿನ ಅತಿ ದೊಡ್ಡ ರೈಲು ಜಾಲಗಳಲ್ಲಿ ಒಂದಾದ ಭಾರತದ ಒಂದು ಗಜ ಹಳಿಯೂ ಅದರಲ್ಲಿರಲಿಲ್ಲ. ಅದೇ ವರ್ಷ ಬಂದ ಆಸ್ಟ್ರೇಲಿಯಾದ ಟ್ರೈನ್ಜ್ ಸಹ ಹೊರಗಿನ ಲೋಕವನ್ನೇ ತೋರಿಸಿತು.

ಈ ಕೊರತೆಯನ್ನು ತುಂಬಿದವರು ಯಾವ ಕಂಪೆನಿಯವರೂ ಅಲ್ಲ, ಹವ್ಯಾಸಿಗಳು. ಭಾರತದ ಎಂಜಿನ್, ಡಬ್ಬಿ, ನಿಲ್ದಾಣ, ಸಿಗ್ನಲ್‌ಗಳನ್ನು ಅವರು ಒಂದೊಂದಾಗಿ ಕೈಯಾರೆ ರಚಿಸಿದರು. ಹಳಿಯ ಪಕ್ಕ ನಿಂತು ಫೋಟೋ ತೆಗೆದರು, ಅಳತೆ ಹಿಡಿದರು, ಬಣ್ಣ ಹೊಂದಿಸಿದರು. ಒಂದು ಡಬ್ಬಿಗೆ ವಾರಗಟ್ಟಲೆ ಕೂತವರಿದ್ದಾರೆ. ಮಾಡಿದ್ದನ್ನು ಪುಕ್ಕಟೆ ಹಂಚಿದರು. ಮೈಕ್ರೋಸಾಫ್ಟ್ ತನ್ನ ಆಟದ ಎರಡನೆಯ ಆವೃತ್ತಿಯನ್ನು ಎರಡು ಬಾರಿ ಘೋಷಿಸಿ ಎರಡು ಬಾರಿಯೂ ಕೈಬಿಟ್ಟಿತು. 2009ರಲ್ಲಿ ಆ ವಿಭಾಗವನ್ನೇ ಮುಚ್ಚಿತು. ಆದರೂ ಆಟ ಸಾಯಲಿಲ್ಲ. ಸ್ವಯಂಸೇವಕರು ಕಟ್ಟಿದ ಓಪನ್ ರೈಲ್ಸ್ ಎಂಬ ಮುಕ್ತ ತಂತ್ರಾಂಶ ಹಳೆಯ ಮಾರ್ಗಗಳನ್ನು ಇಂದಿಗೂ ಓಡಿಸುತ್ತಿದೆ. ಮುಂದೆ ಚೆನ್ನೈನ ಹೈಬ್ರೋ ಇಂಟರಾಕ್ಟಿವ್ ಕಂಪೆನಿ ಮೊಬೈಲಿಗೆ ಇಂಡಿಯನ್ ಟ್ರೈನ್ ಸಿಮ್ಯುಲೇಟರ್ ತಂದು, ನಮ್ಮ ಎಂಜಿನ್ನುಗಳನ್ನು ಸಾಮಾನ್ಯರ ಜೇಬಿಗೆ ತಲುಪಿಸಿತು.

ಈ ಚರಿತ್ರೆಯನ್ನು ಇಲ್ಲಿ ಹೇಳಲು ಕಾರಣವಿದೆ. ಇಂದಿನ ಎಐ ಕಲಿಯುವುದು ಅಂತರ್ಜಾಲದಲ್ಲಿ ರಾಶಿ ಬಿದ್ದಿರುವ ಚಿತ್ರ, ಬರಹ, ಸದ್ದುಗಳಿಂದ. ಆ ರಾಶಿಯಲ್ಲಿ ಇಂತಹ ಹವ್ಯಾಸಿಗಳ ಬೆವರೂ ಸೇರಿದೆ. ಅಲ್ಲಿ ಯಾವ ದೇಶದ ರೈಲು ಹೆಚ್ಚು, ಯಾವ ದೇಶದ್ದು ಕಡಿಮೆ ಎಂಬುದು 2001ರಲ್ಲಿ ಆರು ಮಾರ್ಗಗಳನ್ನು ಆರಿಸಿದ ಆ ಮೇಜಿನಷ್ಟೇ ಪಕ್ಷಪಾತಿ.

ಹಳೆಯ ಎಐ, ಹೊಸ ಎಐ

ರೈಲಾಟದಲ್ಲಿ ಎಐ ಎಂಬ ಮಾತು ಹೊಸದಲ್ಲ. ನಾವು ಓಡಿಸುವ ರೈಲಿನ ಎದುರಿಗೋ ಪಕ್ಕದ ಹಳಿಯಲ್ಲೋ ಬರುವ ಬೇರೆ ರೈಲುಗಳನ್ನು ಆಟಗಾರರು ಮೊದಲಿನಿಂದಲೂ ಎಐ ರೈಲು ಎಂದೇ ಕರೆಯುತ್ತಾರೆ. ಅವುಗಳಿಗೆ ಬುದ್ಧಿ ಎಂಬುದಿಲ್ಲ, ನಿಯಮಗಳಿವೆ. ಕೆಂಪು ಕಂಡರೆ ನಿಲ್ಲು, ವೇಳಾಪಟ್ಟಿಯಂತೆ ಹೊರಡು, ಮುಂದಿನ ಹಳಿ ಖಾಲಿ ಇದ್ದರೆ ಹೋಗು. ತಪ್ಪಾದರೆ ಯಾವ ಸಾಲಿನಲ್ಲಿ ತಪ್ಪಾಯಿತೆಂದು ಹುಡುಕಿ ತಿದ್ದಬಹುದು.

ಹೊಸ ಎಐ ಬೇರೆ ಜಾತಿಯದು. ಅದು ಕೋಟಿಗಟ್ಟಲೆ ಉದಾಹರಣೆಗಳನ್ನು ನೋಡಿ, ಹೀಗಿದ್ದರೆ ಹಾಗಿರಬಹುದು ಎಂದು ಊಹಿಸುತ್ತದೆ. ಚಿತ್ರ ಬರೆಯುತ್ತದೆ, ಪ್ರೋಗ್ರಾಂ ಬರೆಯುತ್ತದೆ, ಧ್ವನಿ ಹೊರಡಿಸುತ್ತದೆ. ಊಹೆ ತಪ್ಪಾದಾಗ ಏಕೆ ತಪ್ಪಾಯಿತೆಂದು ಅದನ್ನು ಮಾಡಿದವರೂ ಬೆರಳಿಟ್ಟು ತೋರಿಸಲಾರರು. ಎಲ್ಲೆಡೆ ಹೊಸದೇ ಮೇಲು ಎಂದೂ ಹೇಳುವಂತಿಲ್ಲ. ಸ್ವಿಟ್ಜರ್ಲೆಂಡಿನ ರೈಲ್ವೆ ಸಂಸ್ಥೆ ಫ್ಲಾಟ್‌ಲ್ಯಾಂಡ್ ಎಂಬ ಪುಟ್ಟ ರೈಲು ಲೋಕವನ್ನು ಕಂಪ್ಯೂಟರಿನಲ್ಲಿ ಕಟ್ಟಿಸಿ, ನೂರಾರು ರೈಲುಗಳನ್ನು ತಡವಾಗದಂತೆ ಓಡಿಸುವ ಸ್ಪರ್ಧೆ ಇಟ್ಟಿತು. 2020ರ ಸ್ಪರ್ಧೆಯಲ್ಲಿ ಮೊದಲು ಬಂದದ್ದು ತಾನೇ ಆಡಿ ಕಲಿಯುವ ಯಂತ್ರವಲ್ಲ, ಹಳೆಯ ಮಾದರಿಯ ಯೋಜನಾ ಗಣಿತವನ್ನು ನಂಬಿದ ತಂಡ. ರೈಲು ಎಂಬುದು ಹಳಿ, ಕಾಲ, ದೂರಗಳ ಲೆಕ್ಕ. ಲೆಕ್ಕ ಇರುವ ಕಡೆ ಊಹೆಗೆ ಬೆಲೆ ಕಡಿಮೆ.

212 ಅಂತಸ್ತಿನ ಮನೆ

ಹೊಸ ಎಐಯನ್ನು ದೊಡ್ಡ ಪ್ರಮಾಣದಲ್ಲಿ ಬಳಸಿದ್ದು ರೈಲಾಟದ ಅಣ್ಣನಂತಿರುವ ವಿಮಾನದಾಟ. 2020ರ ಆಗಸ್ಟಿನಲ್ಲಿ ಬಂದ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಇಡೀ ಭೂಮಿಯನ್ನೇ ತೋರಿಸುತ್ತೇನೆಂದಿತು. ಆಸ್ಟ್ರಿಯಾದ ಬ್ಲ್ಯಾಕ್‌ಶಾರ್ಕ್ ಎಂಬ ಕಂಪೆನಿಯ ಎಐ, ಉಪಗ್ರಹ ಮತ್ತು ವಿಮಾನಗಳಿಂದ ತೆಗೆದ ಚಿತ್ರಗಳನ್ನು ನೋಡಿ ಸುಮಾರು 150 ಕೋಟಿ ಕಟ್ಟಡಗಳನ್ನು ಎಬ್ಬಿಸಿ ನಿಲ್ಲಿಸಿತು. ಮನುಷ್ಯರ ಕೈಯಿಂದ ಆಗದ ಕೆಲಸ ಅದು, ಮೆಚ್ಚಬೇಕಾದದ್ದೇ.

ಆದರೆ ಆಟಗಾರರು ಏನು ಕಂಡರು? ಮೆಲ್ಬರ್ನ್ ನಗರದ ಒಂದು ಸಾಧಾರಣ ಬಡಾವಣೆಯಲ್ಲಿ ಆಕಾಶಕ್ಕೆ ಚುಚ್ಚಿ ನಿಂತ 212 ಅಂತಸ್ತಿನ ಗೋಪುರ! ಭೂಪಟಕ್ಕೆ ಮಾಹಿತಿ ತುಂಬಿದ ಯಾರೋ ಒಬ್ಬರು 2 ಎಂದು ಬರೆಯುವ ಕಡೆ 212 ಎಂದು ಒತ್ತಿದ್ದರು. ಯಂತ್ರ ಅದನ್ನು ಪ್ರಶ್ನಿಸದೆ ಕಟ್ಟಿಬಿಟ್ಟಿತು. ಲಂಡನ್ನಿನ ಬಕಿಂಗ್‌ಹ್ಯಾಂ ಅರಮನೆ ಯಾವುದೋ ಆಫೀಸು ಕಟ್ಟಡದಂತೆ ಕಂಡಿತು. ಮೇಲಿನಿಂದ ನೋಡಿದ ಯಂತ್ರಕ್ಕೆ ಕಾಣುವುದು ಸೂರು ಮಾತ್ರ. ಸೂರಿನ ಕೆಳಗೆ ಅರಮನೆಯೋ ಆಫೀಸೋ ಎಂದು ಹೇಳಬೇಕಾದವನು ಅಲ್ಲಿ ವಾಸಿಸುವ ಮನುಷ್ಯ.

ಇನ್ನೊಂದು ಉದಾಹರಣೆ 2021ರದು. ರಾಕ್‌ಸ್ಟಾರ್ ಸಂಸ್ಥೆ ತನ್ನ ಜಿಟಿಎ ಸರಣಿಯ ಮೂರು ಹಳೆಯ ಆಟಗಳಿಗೆ ಹೊಸ ಬಣ್ಣ ಬಳಿದು ಮಾರಿತು. ಹಳೆಯ ಮಸುಕು ಚಿತ್ರಗಳನ್ನು ಯಂತ್ರದಿಂದ ಹಿಗ್ಗಿಸಿ ಚೊಕ್ಕ ಮಾಡಲಾಗಿತ್ತು. ಅಂಗಡಿ ಫಲಕಗಳ ಮೇಲಿನ ಅಕ್ಷರಗಳು ಎಷ್ಟೋ ಕಡೆ ತಪ್ಪುತಪ್ಪಾಗಿ ಬದಲಾದವು, ಕೆಲವು ಕಡೆ ಹಾಸ್ಯದ ಅರ್ಥವೇ ಕೆಟ್ಟಿತು. ಕಂಪೆನಿ ಕೊನೆಗೆ ಬಹಿರಂಗವಾಗಿ ಕ್ಷಮೆ ಕೇಳಿತು. ಇಂಗ್ಲಿಷಿನ 26 ಅಕ್ಷರಗಳಿಗೇ ಈ ಗತಿಯಾದರೆ ನಮ್ಮ ಒತ್ತಕ್ಷರಗಳ ಗತಿ ಏನು?

ನಾವು ಕೇಳಿದ ಚಿತ್ರ

ಈ ಪ್ರಶ್ನೆಗೆ ಉತ್ತರ ಹುಡುಕಲು ನಾವೇ ಒಂದು ಸಣ್ಣ ಪರೀಕ್ಷೆ ಮಾಡಿದೆವು. ಚಿತ್ರ ಬರೆದುಕೊಡುವ ಒಂದು ಎಐಯನ್ನು, ಆಟಕ್ಕೆ ಬೇಕಾದ ರೀತಿಯಲ್ಲಿ ಯಲಹಂಕ-ಚಿಕ್ಕಬಳ್ಳಾಪುರ ಮಾರ್ಗದ ನಿಲ್ದಾಣದ ಚಿತ್ರಗಳನ್ನು ಕೊಡು ಎಂದು ಕೇಳಿದೆವು. ಯಾವ ಕಂಪೆನಿಯದೆಂಬುದು ಮುಖ್ಯವಲ್ಲ, ಅದರ ಹೆಸರು ಬೇಡ.

ಕ್ಷಣದಲ್ಲಿ ಚಿತ್ರ ಬಂತು, ನೋಡಲು ಸೊಗಸಾಗಿಯೂ ಇತ್ತು. ಹತ್ತಿರದಿಂದ ನೋಡಿದಾಗ ಒಂದೊಂದೇ ಹುಳುಕು ಹೊರಬಿತ್ತು. ನಮ್ಮಲ್ಲಿ ರೈಲು ಎಡಕ್ಕೆ ಓಡುತ್ತದೆ, ಸಿಗ್ನಲ್ ಕಂಬ ಸಾಮಾನ್ಯವಾಗಿ ಹಳಿಯ ಎಡಗಡೆ ಇರುತ್ತದೆ. ಚಿತ್ರದಲ್ಲಿ ಅದು ಬಲಕ್ಕೆ ಹೋಗಿತ್ತು, ಆಕಾರವೂ ಪರದೇಶದ್ದು. ಹಳದಿ ಫಲಕವೇನೋ ಇತ್ತು, ಆದರೆ ಅದರ ಮೇಲಿನ ಚಿಕ್ಕಬಳ್ಳಾಪುರ ಎಂಬ ಹೆಸರಿನಲ್ಲಿ ಕಕಾರದ ಒತ್ತು ಮಾಯವಾಗಿ, ಳಕಾರದ ಒತ್ತಿನ ಜಾಗದಲ್ಲಿ ಯಾವ ಭಾಷೆಗೂ ಸೇರದ ಒಂದು ಸುರುಳಿ ಕೂತಿತ್ತು. ಕನ್ನಡ ಬಾರದವನಿಗೆ ಅದು ಕನ್ನಡವೇ. ಕನ್ನಡ ಬಲ್ಲವನಿಗೆ ಅದು ಅಣಕ.

ಪ್ರಯಾಣಿಕರನ್ನು ಸೇರಿಸು ಎಂದೆವು. ಪೇಟ ಸುತ್ತಿದ ಗಂಡಸರು, ತಲೆಯ ಮೇಲೆ ಬುಟ್ಟಿ ಹೊತ್ತ ಹೆಂಗಸರು ಬಂದರು, ಯಾವುದೋ ಹಳೆಯ ಪ್ರವಾಸಿ ಪೋಸ್ಟರಿನಿಂದ ಇಳಿದು ಬಂದವರಂತೆ. ಮುಸ್ಲಿಂ ಪ್ರಯಾಣಿಕರೂ ಇರಲಿ ಎಂದೆವು. ಆಗ ಪ್ಲಾಟ್‌ಫಾರಂ ತುಂಬ ಒಂದೇ ಅಚ್ಚಿನ ಗಡ್ಡ, ಒಂದೇ ಅಚ್ಚಿನ ಬಿಳಿ ಟೋಪಿ, ಹಿಂದೆ ಗುಮ್ಮಟ, ಮಿನಾರು! ದಿನಾ ಈ ಮಾರ್ಗದಲ್ಲಿ ಓಡಾಡುವ ಮುಸ್ಲಿಮರು ಯಾರು? ಆರ್.ಟಿ. ನಗರದಿಂದ ಕಾಲೇಜಿಗೆ ಹೋಗುವ ಹುಡುಗಿ, ಹೆಬ್ಬಾಳದ ಗ್ಯಾರೇಜಿನ ಮೆಕ್ಯಾನಿಕ್, ಯಶವಂತಪುರದ ಮಾರುಕಟ್ಟೆಗೆ ಸರಕು ತರುವ ವ್ಯಾಪಾರಿ, ಲ್ಯಾಪ್‌ಟಾಪ್ ಬ್ಯಾಗು ಹೆಗಲಿಗೇರಿಸಿದ ಇಂಜಿನಿಯರ್. ಅರ್ಧಕ್ಕರ್ಧ ಜನರನ್ನು ನೋಡಿದ ಮಾತ್ರಕ್ಕೆ ಯಾವ ಧರ್ಮದವರೆಂದು ಹೇಳಲಾಗದು. ಅದೇ ನಮ್ಮ ಊರಿನ ಸೊಗಸು. ಯಂತ್ರಕ್ಕೆ ಮಾತ್ರ ಎರಡೇ ದಾರಿ ಗೊತ್ತು. ನಾವು ಕೇಳದಿದ್ದರೆ ಮುಸ್ಲಿಮರು ಇರುವುದೇ ಇಲ್ಲ. ಕೇಳಿದರೆ ಬೇರೇನೂ ಇರುವುದಿಲ್ಲ.

ಇದು ಯಂತ್ರದ ದ್ವೇಷವೆಂದು ನಾವು ಹೇಳುವುದಿಲ್ಲ. ಯಂತ್ರಕ್ಕೆ ದ್ವೇಷವೂ ಇಲ್ಲ, ಪ್ರೀತಿಯೂ ಇಲ್ಲ. ನಮ್ಮ ಬಗ್ಗೆ ಬೇರೆಯವರು ಬರೆದದ್ದು, ತೆಗೆದ ಚಿತ್ರ, ಅಂಟಿಸಿದ ಹಣೆಪಟ್ಟಿ ಎಲ್ಲವನ್ನೂ ಅರೆದು ಅದು ನಮ್ಮ ಮುಂದೆ ಬಡಿಸುತ್ತದೆ. ನಾವು ನಮ್ಮ ಬಗ್ಗೆ ಹೇಳಿಕೊಂಡದ್ದು ಕಡಿಮೆ, ಕನ್ನಡದಲ್ಲಿ ಹೇಳಿಕೊಂಡದ್ದು ಇನ್ನೂ ಕಡಿಮೆ. ಈ ಲೋಪದಲ್ಲಿ ನಮ್ಮ ಪಾಲೂ ಇದೆ.

ಸಣ್ಣ ಗೇಜಿನ ನೆನಪು

ಇದೇ ಯಲಹಂಕದಿಂದ ಒಂದು ಕಾಲದಲ್ಲಿ ಎರಡೂವರೆ ಅಡಿ ಅಗಲದ ಸಣ್ಣ ಹಳಿಯ ಮೇಲೆ ಪುಟ್ಟ ರೈಲೊಂದು ಹೊರಡುತ್ತಿತ್ತು. ದೇವನಹಳ್ಳಿ, ನಂದಿ, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರ, ಕೋಲಾರ ದಾಟಿ ಅದು ಬಂಗಾರಪೇಟೆ ಸೇರುತ್ತಿತ್ತು. ಮೈಸೂರು ಸಂಸ್ಥಾನದ ದಿನಗಳಲ್ಲಿ, 1910ರ ದಶಕದಲ್ಲಿ ಹಾಕಿದ ಹಳಿ ಅದು. ಮುಂದೆ ಭಾಗಭಾಗವಾಗಿ ಬ್ರಾಡ್‌ಗೇಜ್ ಆಯಿತು. ಚಿಕ್ಕಬಳ್ಳಾಪುರ-ಕೋಲಾರದ ನಡುವೆ ದೊಡ್ಡ ಹಳಿಯ ರೈಲು ಓಡಿದ್ದು 2013ರಲ್ಲಿ. ಈ ಮಾರ್ಗದ ಹಳೆಯ ನಿಲ್ದಾಣಗಳನ್ನು ಉಳಿಸುವ ಕೆಲಸಕ್ಕೆ ಇಂಟ್ಯಾಕ್ ಸಂಸ್ಥೆಯ ಬೆಂಗಳೂರು ವಿಭಾಗ ಕೈ ಹಾಕಿದೆ. 2021ರ ಜನವರಿಯಿಂದ ಇದೇ ಮಾರ್ಗದಲ್ಲಿ ವಿಮಾನ ನಿಲ್ದಾಣದ ಹಾಲ್ಟ್ ಕೂಡ ಇದೆ.

ಈ ಸಣ್ಣ ರೈಲನ್ನು ಆಟವಾಗಿಸಿದರೆ ಎಷ್ಟು ಚೆನ್ನ! ನಂದಿ ಬೆಟ್ಟದ ನೆರಳು, ದ್ರಾಕ್ಷಿ ಚಪ್ಪರ, ರೇಷ್ಮೆಗೂಡಿನ ಮೂಟೆ. ಶಿಡ್ಲಘಟ್ಟದ ರೇಷ್ಮೆ ರೀಲರುಗಳಲ್ಲಿ ಮುಸ್ಲಿಮರ ಪಾಲು ದೊಡ್ಡದು. ಆ ಊರಿನ ಕಥೆಯಲ್ಲಿ ನಮ್ಮ ಕಥೆಯೂ ಇದೆ. ಆದರೆ ಆ ರೈಲಿನ ಫೋಟೋಗಳು ಕೆಲವೇ ಸಿಗುತ್ತವೆ. ಎಂಜಿನ್ನಿನ ಸದ್ದನ್ನು ಯಾರಾದರೂ ಟೇಪಿನಲ್ಲಿ ಹಿಡಿದಿಟ್ಟಿದ್ದರೆ ಅದು ಅವರ ಮನೆಯ ಟ್ರಂಕಿನಲ್ಲೇ ಉಳಿದಿರಬೇಕು.

ಅಪಾಯ ಇರುವುದು ಇಲ್ಲೇ. ಕೇಳಿದರೆ ಎಐ ಇಲ್ಲವೆನ್ನದೆ ಕೊಟ್ಟುಬಿಡುತ್ತದೆ. ಡಾರ್ಜಿಲಿಂಗ್ ರೈಲಿನದೋ ವೇಲ್ಸ್ ದೇಶದ್ದೋ ಸದ್ದು-ಬಣ್ಣ ಸೇರಿಸಿ ಒಂದು ಪುಟ್ಟ ರೈಲು ತಯಾರಿಸುತ್ತದೆ, ಶಿಡ್ಲಘಟ್ಟಕ್ಕೆ ಕೆಂಪು ಹೆಂಚಿನ ಒಂದು ನಿಲ್ದಾಣ ಕಟ್ಟುತ್ತದೆ. ಮುಂದಿನ ಪೀಳಿಗೆ ಅದನ್ನೇ ನಿಜವೆಂದು ನಂಬುತ್ತದೆ. ಆಟದಿಂದ ತೆಗೆದ ಚಿತ್ರ ಅಂತರ್ಜಾಲಕ್ಕೆ ಹೋಗುತ್ತದೆ, ಮತ್ತೊಂದು ಎಐ ಅದನ್ನೇ ಓದಿ ಕಲಿಯುತ್ತದೆ. ಇಲ್ಲದ ನೆನಪು ಇದ್ದ ನೆನಪಿನ ಜಾಗದಲ್ಲಿ ಕೂರುತ್ತದೆ. ಆ ರೈಲಿನಲ್ಲಿ ಓಡಾಡಿದ ಅಜ್ಜ ಅಜ್ಜಿಯರು ಚಿಂತಾಮಣಿಯಲ್ಲಿ, ಶ್ರೀನಿವಾಸಪುರದಲ್ಲಿ ಇನ್ನೂ ಇರುವಾಗಲೇ, ಅವರನ್ನು ಒಂದು ಮಾತು ಕೇಳದೆ ಯಂತ್ರವನ್ನು ಕೇಳುವುದು ಎಂತಹ ಸೋಮಾರಿತನ?

ಪಾಲು ಯಾರಿಗೆ?

ಈಗ ದುಡಿಮೆಯ ಮಾತಿಗೆ ಬರೋಣ. ಭಾರತದ ಮೊದಮೊದಲ ಆಟ ತಯಾರಿಕಾ ಕಂಪೆನಿಗಳಲ್ಲೊಂದಾದ ಧ್ರುವ ಇಂಟರಾಕ್ಟಿವ್ 1997ರಲ್ಲಿ ಶುರುವಾದದ್ದು ಬೆಂಗಳೂರಿನಲ್ಲೇ. ಪರದೇಶದ ದೊಡ್ಡ ಆಟಗಳಿಗೆ ಕಾರು, ಕಟ್ಟಡ, ಮರ, ಸಾಮಾನುಗಳನ್ನು ಕಂಪ್ಯೂಟರಿನಲ್ಲಿ ರೂಪಿಸಿಕೊಟ್ಟು ಅದು ಹೆಸರು ಮಾಡಿತು. 2019ರಲ್ಲಿ ರಾಕ್‌ಸ್ಟಾರ್ ಅದನ್ನು ಕೊಂಡಿತು. ಇಂತಹ ಕೆಲಸದಿಂದ ಬೆಂಗಳೂರಿನ ಎಷ್ಟೋ ಕೆಳಮಧ್ಯಮ ವರ್ಗದ ಮನೆಗಳಲ್ಲಿ ಒಲೆ ಉರಿದಿದೆ. ಇಂಜಿನಿಯರಿಂಗ್ ಸೀಟು ಸಿಗದ, ಆದರೆ ಕೈಯಲ್ಲಿ ಕಲೆ ಇದ್ದ ಹುಡುಗರಿಗೆ ಇದು ದೊಡ್ಡ ಬಾಗಿಲು. ಹೊಸಬನಿಗೆ ಮೊದಲು ಕೊಡುತ್ತಿದ್ದದ್ದು ಸಣ್ಣ ಸಾಮಾನು: ಒಂದು ಬೆಂಚು, ಒಂದು ದೀಪದ ಕಂಬ, ಒಂದು ಡಬ್ಬಿಯ ಬಾಗಿಲು. ಅದನ್ನು ಮಾಡುತ್ತಾ ಮಾಡುತ್ತಾ ಆತ ಕಸುಬು ಕಲಿಯುತ್ತಿದ್ದ. ಈಗ ಎಐಗೆ ಮೊದಲು ಸಲ್ಲುವುದು ಇದೇ ಬೆಂಚು, ಇದೇ ಕಂಬ. ಮೊದಲ ಮೆಟ್ಟಿಲನ್ನೇ ತೆಗೆದುಬಿಟ್ಟರೆ ಏಣಿ ಹತ್ತುವವನು ಎಲ್ಲಿ ಕಾಲಿಡಬೇಕು?

ಕಂಪ್ಯೂಟರ್ ಲೋಕದ ಅಲ್ಗಾರಿದಂ ಎಂಬ ಪದ ಒಂಬತ್ತನೆಯ ಶತಮಾನದ ಬಗ್ದಾದಿನ ವಿದ್ವಾಂಸ ಅಲ್ ಖ್ವಾರಿಝ್ಮಿಯವರ ಹೆಸರಿನಿಂದ ಬಂದದ್ದೆಂದು ನಾವು ಸಭೆಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಹೇಳದೆ ಬಿಡುವ ಇನ್ನೊಂದು ಸಂಗತಿಯಿದೆ. ಬೀಜಗಣಿತದ ಕುರಿತ ಅವರ ಪ್ರಸಿದ್ಧ ಗ್ರಂಥದ ದೊಡ್ಡ ಭಾಗ ಇರುವುದು ವಾರಸು ಹಂಚಿಕೆಯ ಬಗ್ಗೆ. ಸತ್ತವನ ಆಸ್ತಿಯಲ್ಲಿ ಹೆಂಡತಿಗೆಷ್ಟು, ಮಗಳಿಗೆಷ್ಟು, ತಾಯಿಗೆಷ್ಟು ಎಂಬ ಪಾಲಿನ ಲೆಕ್ಕವನ್ನು ತಪ್ಪಿಲ್ಲದೆ ಮಾಡುವುದಕ್ಕೆ ಆ ಗಣಿತ ಬೇಕಾಗಿತ್ತು. ಹಕ್ಕುದಾರನಿಗೆ ಹಕ್ಕು ಮುಟ್ಟಿಸುವುದು ಅದರ ಉದ್ದೇಶಗಳಲ್ಲೊಂದು. ಅವರ ಹೆಸರು ಹೊತ್ತ ಇಂದಿನ ವಿದ್ಯೆ, ತಾನು ಯಾರ ಚಿತ್ರದಿಂದ ಕಲಿತೆ, ಯಾರ ಸದ್ದಿನಿಂದ ಕಲಿತೆ ಎಂದು ಹೇಳಲೂ ಒಪ್ಪುವುದಿಲ್ಲ. ಪಾಲು ಕೊಡುವುದು ದೂರದ ಮಾತು. ಕೂಲಿಯವನ ಬೆವರಾರುವ ಮೊದಲೇ ಕೂಲಿ ಕೊಡಬೇಕೆಂದು ಪ್ರವಾದಿ(ಸ)ರು ಕಲಿಸಿದ್ದನ್ನು ಬಲ್ಲ ಸಮುದಾಯಕ್ಕೆ ಈ ಪ್ರಶ್ನೆ ಹೊರಗಿನದಲ್ಲ.

ಧ್ವನಿಯ ಪ್ರಶ್ನೆ ಇನ್ನೂ ಸೂಕ್ಷ್ಮ. ನಮ್ಮ ಮೆಟ್ರೊದ ಕನ್ನಡ ಘೋಷಣೆಗಳಿಗೆ ಧ್ವನಿಯಾಗಿದ್ದ ನಿರೂಪಕಿ ಅಪರ್ಣಾ ಅವರು 2024ರ ಜುಲೈ 11ರಂದು ತೀರಿಕೊಂಡರು. ಆ ಸ್ಪಷ್ಟ ಕನ್ನಡವನ್ನು ಕೇಳುತ್ತಾ ಓಡಾಡಿದ ಲಕ್ಷಾಂತರ ಜನರಿಗೆ ಆ ದಿನ ಮನೆಯವರೊಬ್ಬರನ್ನು ಕಳೆದುಕೊಂಡಂತಾಯಿತು. ಇಂದು ಕೆಲವೇ ನಿಮಿಷಗಳ ಧ್ವನಿ ಮುದ್ರಿಕೆ ಇದ್ದರೆ ಸಾಕು, ಅದೇ ಕಂಠದಲ್ಲಿ ಆಡದ ಮಾತನ್ನೂ ಎಐ ಆಡಿಸಬಲ್ಲದು. ನಾಳೆ ಯಾವನೋ ಆಟ ತಯಾರಕ ಮನೆಯವರ ಒಪ್ಪಿಗೆ ಕೇಳದೆ ಅವರ ಕಂಠವನ್ನು ತನ್ನ ಕಾಲ್ಪನಿಕ ನಿಲ್ದಾಣಗಳಿಗೆ ಬಳಸಿದರೆ? ಮೃತರಿಗೂ ಮರ್ಯಾದೆಯ ಹಕ್ಕಿದೆ ಎಂಬುದು ಎಲ್ಲ ಧರ್ಮದವರೂ ಒಪ್ಪುವ ಮಾತು. ಧ್ವನಿ ಒಂದು ಅಮಾನತು. ಒಪ್ಪಿಸಿದವರ ಅನುಮತಿ ಇಲ್ಲದೆ ಅದನ್ನು ಮುಟ್ಟಕೂಡದು.

ಆಟದಿಂದ ಹೊರಗೆ

ಆಟ ತಾನೇ, ಅಷ್ಟೇಕೆ ಗಾಬರಿ ಎನ್ನುವವರಿದ್ದಾರೆ. ಆಟದ ದೃಶ್ಯ ಆಟದಲ್ಲೇ ಉಳಿಯುವ ಕಾಲ ಹೋಯಿತು. 2025ರ ಮೇ ತಿಂಗಳಲ್ಲಿ ಭಾರತ-ಪಾಕಿಸ್ತಾನದ ನಡುವೆ ಘರ್ಷಣೆ ನಡೆದಾಗ ವಿಡಿಯೋ ಆಟದ ತುಣುಕುಗಳು ಯುದ್ಧದ ದೃಶ್ಯವೆಂದು ಮೊಬೈಲಿನಿಂದ ಮೊಬೈಲಿಗೆ ಹಾರಿದವು. ಅದೇ ವರ್ಷದ ಡಿಸೆಂಬರಿನಲ್ಲಿ ಇಂಗ್ಲೆಂಡಿನಲ್ಲಿ ಲಘು ಭೂಕಂಪವಾದ ಮೇಲೆ ಲ್ಯಾಂಕಾಸ್ಟರಿನ ರೈಲು ಸೇತುವೆ ಕುಸಿದಂತೆ ತೋರಿಸುವ ಚಿತ್ರವೊಂದು ಹರಡಿತು. ಅದು ಎಐ ತಯಾರಿಸಿದ ಚಿತ್ರವೆಂಬ ಶಂಕೆ ನಂತರ ಬಂತು. ಸೇತುವೆಗೆ ಏನೂ ಆಗಿರಲಿಲ್ಲ. ಆದರೆ ರೈಲ್ವೆಯವರು ಸುಮ್ಮನಿರಲಾದೀತೇ? ಓಡಾಟ ನಿಲ್ಲಿಸಿ ಪರೀಕ್ಷಿಸಿದರು, 32 ರೈಲುಗಳು ತಡವಾದವು.

ನಮಗಂತೂ ಈ ಪಾಠ ಹೊಸದಲ್ಲ. 2023ರ ಜೂನ್ 2ರಂದು ಒಡಿಶಾದ ಬಾಲಸೋರ್ ಬಳಿ ಮೂರು ರೈಲುಗಳ ಅಪಘಾತದಲ್ಲಿ 290ಕ್ಕೂ ಹೆಚ್ಚು ಜನ ಸತ್ತರು. ಶವಗಳ ಗುರುತು ಹಿಡಿಯುವ ಮುನ್ನವೇ, ಹಳಿಯ ಪಕ್ಕದ ಬಿಳಿ ಕಟ್ಟಡವೊಂದನ್ನು ಮಸೀದಿಯೆಂದು ತೋರಿಸಿ ಮುಸ್ಲಿಮರತ್ತ ಬೆರಳು ಮಾಡುವ ಚಿತ್ರ ದೇಶವಿಡೀ ಸುತ್ತಿತು. ಅದು ಬಹನಾಗದ ಇಸ್ಕಾನ್ ದೇವಸ್ಥಾನವೆಂದು ಆಲ್ಟ್ ನ್ಯೂಸ್ ಪರಿಶೀಲಿಸಿ ಹೇಳಿತು. ನಿಜವಾದ ಕಾರಣ ಸಿಗ್ನಲ್ ವ್ಯವಸ್ಥೆಯ ದೋಷವಾಗಿತ್ತು. ಅಲ್ಲಿ ಎಐ ಇರಲಿಲ್ಲ. ನಿಜವಾದ ಫೋಟೋಗೆ ಸುಳ್ಳು ಮಾತು ಅಂಟಿಸಿದ್ದರಷ್ಟೇ. ನಿಜವಾದ ಫೋಟೋದಿಂದಲೇ ಇಷ್ಟು ವಿಷ ಹರಡಬಹುದಾದರೆ, ಬೇಕಾದ ಮಿನಾರನ್ನು ಬೇಕಾದ ಹಳಿಯ ಪಕ್ಕ ನಿಲ್ಲಿಸಿಕೊಡುವ ಯಂತ್ರ ಕೈಗೆ ಸಿಕ್ಕರೆ? ನಿಲ್ದಾಣಕ್ಕೆ ಒಂದು ಗುಮ್ಮಟ ಸೇರಿಸುವುದೋ ಬಿಡುವುದೋ ಎಂಬುದು ಇನ್ನು ಬರಿಯ ಅಲಂಕಾರದ ಪ್ರಶ್ನೆಯಲ್ಲ.

ಚಕ್ರದ ಮೇಲಿನ ಗುರುತು

ಹಾಗಾದರೆ ಎಐ ಬೇಡವೇ? ಬೇಡವೆಂದು ನಾವು ಹೇಳುವುದಿಲ್ಲ. ಒಂದು ಮಾರ್ಗ ಕಟ್ಟಲು ಹಳಿಯ ಎರಡೂ ಬದಿ ಸಾವಿರಾರು ಮರ ನೆಡಬೇಕು, ಬೆಟ್ಟಗುಡ್ಡ ಎಬ್ಬಿಸಬೇಕು, ಪ್ರೋಗ್ರಾಂನಲ್ಲಿ ಅಡಗಿದ ತಪ್ಪು ಹುಡುಕಬೇಕು. ಇಂತಹ ಬೇಸರದ ಕೆಲಸಕ್ಕೆ ಯಂತ್ರ ಕೈ ಜೋಡಿಸಿದರೆ, ಕಂಪೆನಿಯ ಬಂಡವಾಳ ಇಲ್ಲದ ಯಲಹಂಕದ ಹುಡುಗನೂ ಒಂದು ಮಾರ್ಗ ಕಟ್ಟಬಲ್ಲ. 2001ರಲ್ಲಿ ನಮ್ಮನ್ನು ಬಿಟ್ಟುಹೋದ ಲೋಕಕ್ಕೆ ಇದು ಒಳ್ಳೆಯ ಉತ್ತರವೂ ಆದೀತು. ಆದರೆ ಅಲ್ಲಿಯೂ ಕಣ್ಣು ತೆರೆದಿರಬೇಕು. ನೆಲದ ಎತ್ತರದ ಮಾಹಿತಿ 2000ದಲ್ಲಿ ಅಮೆರಿಕದ ಗಗನನೌಕೆ ಅಳೆದದ್ದು, ಸುಮಾರು 30 ಮೀಟರಿಗೊಂದು ಬಿಂದು. ಹಳಿ ಸಾಗುವ ಸಣ್ಣ ದಿಬ್ಬ, ಕಡಿದ ಕಣಿವೆ ಅದರಲ್ಲಿ ಸರಿಯಾಗಿ ಮೂಡುವುದಿಲ್ಲ. ಕುರುಡಾಗಿ ನಂಬಿದರೆ ರೈಲು ಅಲೆಯ ಮೇಲಿನ ದೋಣಿಯಂತೆ ಏರಿಳಿಯುತ್ತದೆ. ಅಲ್ಲಿ ಮನುಷ್ಯನೇ ಕೂತು ಇಳಿಜಾರು ತಿದ್ದಬೇಕು.

ನಮ್ಮ ಅಳತೆಗೋಲು ಸರಳ. ಸಾಕ್ಷಿ ಬೇಕಾದ ಕಡೆ ಊಹೆ ಸಲ್ಲದು. ಮರ ಯಾವುದಾದರೂ ಆಗಲಿ, ಊರಿನ ಹೆಸರು, ಸಿಗ್ನಲ್, ಜನರ ಮುಖ, ಕಂಠ, ಕಳೆದುಹೋದ ರೈಲಿನ ರೂಪ, ಇವು ಸಾಕ್ಷಿಯ ವಿಷಯಗಳು. ಅಳತೆ, ತೂಕದಲ್ಲಿ ಕಡಿತ ಮಾಡುವವರನ್ನು ಎಚ್ಚರಿಸಲೆಂದೇ ಕುರ್‌ಆನಿನಲ್ಲಿ 83ನೆಯ ಅಧ್ಯಾಯ ಆರಂಭವಾಗುತ್ತದೆ. ಅಳತೆಯ ಪ್ರಾಮಾಣಿಕತೆ ಬರಿಯ ಅಕ್ಕಿ ಬೇಳೆಗೆ ಸೀಮಿತವೆಂದು ನಾವು ಭಾವಿಸಬೇಕಾಗಿಲ್ಲ.

ಎರಡನೆಯದು, ಹೇಳಿ ಮಾರಬೇಕು. ಆಟಗಳನ್ನು ಮಾರುವ ದೊಡ್ಡ ಅಂಗಡಿಯಾದ ಸ್ಟೀಮ್, ಆಟದಲ್ಲಿ ಎಐ ಎಲ್ಲೆಲ್ಲಿ ಬಳಕೆಯಾಗಿದೆ ಎಂದು ತಯಾರಕರು ತಿಳಿಸಬೇಕೆಂಬ ನಿಯಮವನ್ನು 2024ರ ಜನವರಿಯಲ್ಲಿ ತಂದಿತು. ಒಳ್ಳೆಯ ಹೆಜ್ಜೆ, ಆದರೆ ಅರ್ಧ ಹೆಜ್ಜೆ. ಎಐ ಬಳಸಿದ್ದೇವೆ ಎಂದರೆ ಸಾಲದು. ಯಾವುದು ಕಂಡದ್ದು, ಯಾವುದು ಕಲ್ಪಿಸಿದ್ದು ಎಂದು ಬೇರ್ಪಡಿಸಿ ಹೇಳಬೇಕು.

ಇದು ಅಸಾಧ್ಯವೆನ್ನುವವರು ಯಲಹಂಕದ ರೈಲು ಗಾಲಿ ಕಾರ್ಖಾನೆಯ ಕೆಲಸವನ್ನು ತಿಳಿದುಕೊಳ್ಳಲಿ. 1984ರಿಂದ ನಡೆಯುತ್ತಿರುವ ಆ ಕಾರ್ಖಾನೆಯಲ್ಲಿ ರೈಲ್ವೆಯ ಗುಜರಿ ಉಕ್ಕನ್ನೇ ವಿದ್ಯುತ್ ಕುಲುಮೆಯಲ್ಲಿ ಕರಗಿಸಿ, ಗ್ರಾಫೈಟ್ ಅಚ್ಚಿಗೆ ಹರಿಸಿ ಹೊಸ ಗಾಲಿ ಎರಕ ಹೊಯ್ಯುತ್ತಾರೆ. ಹಳೆಯದರಿಂದಲೇ ಹೊಸದು. ಎಐ ಮಾಡುವುದೂ ಒಂದು ರೀತಿಯಲ್ಲಿ ಅದನ್ನೇ. ಆದರೆ ಕರಗಿದ ಉಕ್ಕಿನ ಗುಣವನ್ನು ಮೊದಲು ಪರೀಕ್ಷಿಸುತ್ತಾರೆ, ಗಾಲಿಯಾದ ಮೇಲೆ ಒಳಗೆ ಬಿರುಕಿದೆಯೇ ಎಂದು ಶಬ್ದತರಂಗ ಹಾಯಿಸಿ ನೋಡುತ್ತಾರೆ. ಗಾಲಿಯ ಮೈಮೇಲೆ ಅದರ ಗುರುತಿನ ಸಂಖ್ಯೆ ಒತ್ತಿರುತ್ತದೆ. ಮುಂದೆ ಎಲ್ಲೋ ಒಂದು ಗಾಲಿ ಕೈಕೊಟ್ಟರೆ ಅದರ ಮೂಲ ಹುಡುಕಬಹುದು. ಗುರುತಿಲ್ಲದ ಗಾಲಿಯ ಮೇಲೆ ಯಾರೂ ಜನರನ್ನು ಕೂರಿಸುವುದಿಲ್ಲ. ಆಟದ ರೈಲು ಜೀವ ಹೊತ್ತು ಓಡುವುದಿಲ್ಲ, ನಿಜ. ಆದರೆ ಅದು ಊರಿನ ನೆನಪನ್ನು, ಜನರ ಮುಖವನ್ನು ಹೊತ್ತು ಓಡುತ್ತದೆ.

ಯಲಹಂಕದ ಪ್ಲಾಟ್‌ಫಾರಂ ಮೇಲೆ ನಿಂತ ಆ ಹುಡುಗರಿಗೆ ನಾವು ಹೇಳುವುದು ಇಷ್ಟೇ. ಯಂತ್ರವನ್ನು ಬಳಸಿ, ಹೆದರಬೇಡಿ. ಆದರೆ ಅದಕ್ಕಿಂತ ಮೊದಲು ಒಂದು ಭಾನುವಾರ ಬಿಡುವು ಮಾಡಿಕೊಂಡು ಬಂಗಾರಪೇಟೆಯವರೆಗಿನ ರೈಲು ಹತ್ತಿ. ಫಲಕದ ಮೇಲಿನ ಒಂದೊಂದು ಹೆಸರನ್ನೂ ಒತ್ತಕ್ಷರ ಸಮೇತ ಬರೆದುಕೊಳ್ಳಿ. ಶಿಡ್ಲಘಟ್ಟದಲ್ಲಿಳಿದು ಯಾವುದಾದರೂ ರೀಲರ್ ಮನೆಯ ಹಿರಿಯರಿಗೆ ಸಲಾಂ ಹೇಳಿ ಪಕ್ಕದಲ್ಲಿ ಕೂತು, ಸಣ್ಣ ರೈಲು ಹೇಗಿತ್ತು, ಹೇಗೆ ಕೂಗುತ್ತಿತ್ತು, ಗೂಡಿನ ಮೂಟೆ ಎಲ್ಲಿ ಇಳಿಸುತ್ತಿದ್ದರು ಎಂದು ಕೇಳಿ. ಅವರು ಹೇಳಿದ್ದನ್ನು ಅವರ ಹೆಸರಿನಲ್ಲೇ ಬರೆದಿಡಿ. ಆಮೇಲೆ ಬೇಕಾದರೆ ಮರಗಳನ್ನು ಯಂತ್ರ ನೆಡಲಿ.